ನೈಟ್‌ಗಳ ಕವಚ 100 ಕೆಜಿ ಇರಲಿಲ್ಲ

"ಯುರೋಪಿನ ನೈಟ್‌ಗಳ ಕವಚ 100 ಕೆಜಿ ತೂಗುತ್ತಿತ್ತು, ಅವರನ್ನು ಕ್ರೇನ್‌ನಿಂದ ಎತ್ತಿ ಕುದುರೆ ಮೇಲೆ ಕೂರಿಸುತ್ತಿದ್ದರು, ಬಿದ್ದರೆ ಏಳೋಕೇ ಆಗುತ್ತಿರಲಿಲ್ಲ" ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. (ನೈಟ್ ಅಂದರೆ ಮಧ್ಯಯುಗದ ಕುದುರೆ ಸವಾರ ಯೋಧ.) ಜೊತೆಗೆ ಈಗಿನವರು ಮಾಡಿಸಿದ ನಕಲು ಕವಚದ ಫೋಟೋ. ಮೂರು ಮಾತೂ ತಪ್ಪು.

15ನೇ ಶತಮಾನದಲ್ಲಿ ಯುದ್ಧಕ್ಕೆ ತೊಡುತ್ತಿದ್ದ ಪೂರ್ತಿ ಉಕ್ಕಿನ ಕವಚ ಸಾಮಾನ್ಯವಾಗಿ 20ರಿಂದ 25 ಕೆಜಿ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಕೊಡುವ ಲೆಕ್ಕವೂ ಇದೇ. ಆ ಭಾರ ಹೆಗಲೊಂದರ ಮೇಲೆ ಬೀಳುವುದಿಲ್ಲ. ಕೈ, ಸೊಂಟ, ತೊಡೆಗೆ ಬೇರೆ ಬೇರೆ ತುಂಡುಗಳನ್ನು ಚರ್ಮದ ಪಟ್ಟಿಯಿಂದ ಬಿಗಿಯುವುದರಿಂದ ಮೈತುಂಬಾ ಹಂಚಿಹೋಗುತ್ತದೆ. ಕೀಲು ಇರುವ ಕಡೆ ಸಣ್ಣ ಸಣ್ಣ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಜಾರುವ ಹಾಗೆ ರಿವೆಟ್ ಹೊಡೆದಿರುತ್ತಾರೆ, ಮೊಣಕಾಲು ಮಡಚಿದರೆ ಅವೂ ಜೊತೆಗೇ ಸರಿಯುತ್ತವೆ. ಫ್ರಾನ್ಸಿನ ಸೇನಾಪತಿ ಬೂಸಿಕೋ ಕವಚ ತೊಟ್ಟೇ ಲಾಗ ಹಾಕುತ್ತಿದ್ದ ಅಂತ ಅವನು ಬದುಕಿದ್ದಾಗಲೇ ಬರೆದ ಜೀವನಚರಿತ್ರೆಯಲ್ಲಿದೆ. (ಶಿರಸ್ತ್ರಾಣ ಮಾತ್ರ ಇರಲಿಲ್ಲವಂತೆ, ಬಿಡಿ.) ಇಷ್ಟು ಸಲೀಸಾಗಿ ಆಡುವವರಿಗೆ ಕುದುರೆ ಏರೋಕೆ ಕ್ರೇನ್ ಬೇಕಿರಲಿಲ್ಲ, ಬಿದ್ದರೆ ಏಳೋಕೂ ಆಗುತ್ತಿತ್ತು.

ಗೊಂದಲಕ್ಕೆ ಕಾರಣ ಇದೆ. ಕುದುರೆ ಮೇಲಿನ ಈಟಿ ಪಂದ್ಯಕ್ಕೆಂದೇ ಮಾಡಿದ ಕವಚ ಜಾಸ್ತಿ ದಪ್ಪ, ಕೆಲವು 40 ಕೆಜಿ ದಾಟುತ್ತವೆ. ಅವು ಯುದ್ಧಕ್ಕಲ್ಲ. ಇನ್ನು ನಕಲು ಕವಚವನ್ನು ಹೆಚ್ಚಾಗಿ ಒಂದೇ ದಪ್ಪದ ಮೈಲ್ಡ್ ಸ್ಟೀಲ್ (ಮೆದು ಉಕ್ಕು) ಹಾಳೆಯಿಂದ ಮಾಡುತ್ತಾರೆ. ಹಳೆಯ ಕಮ್ಮಾರರು ಎದೆಗೆ ದಪ್ಪ, ಕೈಕಾಲಿಗೆ ತೆಳು ಅಂತ ಬಡಿದು ಹದ ಮಾಡುತ್ತಿದ್ದರು. ಹಾಗಾಗಿ ನಕಲನ್ನು ತೂಗಿ ಅಸಲಿಯ ತೂಕ ಹೇಳೋಕಾಗಲ್ಲ.

ಆ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿಬಿಡಿ.