ಥಾಯ್ಲೆಂಡಿನ ಚೌಚೌ ಬಾತ್

ಬಾತ್ ಎಂದರೆ ನಮ್ಮಲ್ಲಿ ತಿನ್ನುವುದು, ಥಾಯ್ಲೆಂಡಿನಲ್ಲಿ ತೆರುವುದು. ಆದರೂ ಅಲ್ಲಿನ ಟಿಕೆಟ್ ಕೌಂಟರುಗಳಲ್ಲಿ ಬಡಿಸುವುದು ನಮಗೆ ಚೆನ್ನಾಗಿ ಪರಿಚಯವಿರುವ ಪದಾರ್ಥವನ್ನೇ: ಚೌಚೌ ಬಾತ್. ಒಂದೇ ಟಿಕೆಟ್ಟಿಗೆ ಎರಡು ದರ; ಒಂದೇ ತಟ್ಟೆ, ಎರಡು ಗುಡ್ಡೆ. ಕೇಸರಿಬಾತು ಆ ಊರಿನವರಿಗೆ, ಖಾರಾಬಾತು ನಿಮಗೆ. ತಟ್ಟೆಯಲ್ಲಿ ಎರಡು ಗುಡ್ಡೆ ಇದೆಯೆಂಬುದೇ ನಿಮಗೆ ಗೊತ್ತಾಗದ ಹಾಗೆ ಬಡಿಸುವುದರಲ್ಲಿ ಅವರ ಕೈಚಳಕವಿದೆ.

ಮೊದಲು ಖಾವೊ ಯಾಯ್ ಗೇಟಿಗೆ ಹೋಗೋಣ. ಬ್ಯಾಂಕಾಕಿನಿಂದ ಕಾರಿನಲ್ಲಿ ಸುಮಾರು ಮೂರು ತಾಸು. 1962ರಲ್ಲಿ ಘೋಷಣೆಯಾದ, ಆ ದೇಶದ ಮೊತ್ತಮೊದಲ ರಾಷ್ಟ್ರೀಯ ಉದ್ಯಾನ. ಆನೆ ಉಂಟು, ಮಂಗಟ್ಟೆ ಹಕ್ಕಿ ಉಂಟು, ಜಲಪಾತ ಉಂಟು, ಮಳೆಗಾಲದಲ್ಲಿ ನಮ್ಮ ಮಲೆನಾಡಿಗೆ ಸೆಡ್ಡು ಹೊಡೆಯುವಷ್ಟು ಇಂಬಳವೂ ಉಂಟು. ಮೊಣಕಾಲವರೆಗೆ ಬರುವ ಇಂಬಳದ ಕಾಲುಚೀಲ ಸಂದರ್ಶಕರ ಕೇಂದ್ರದಲ್ಲೇ ಸಿಗುತ್ತದೆ, ಪ್ಯಾಂಟಿನ ಮೇಲೆ ಏರಿಸಿ ಬಿಗಿಯಾಗಿ ಕಟ್ಟಿಕೊಳ್ಳಿ. ಇಂಬಳಕ್ಕೆ ಪಾಸ್‌ಪೋರ್ಟ್ ತೋರಿಸಬೇಕಿಲ್ಲ. ಎಲ್ಲರಿಗೂ ಒಂದೇ ದರದಲ್ಲಿ ರಕ್ತ ಹೀರುವ ಏಕೈಕ ಸಂಸ್ಥೆ ಆ ಕಾಡಿನಲ್ಲಿ ಅದೊಂದೇ.

ಗೇಟಿನ ಬೋರ್ಡಿನಲ್ಲಿ ವಿದೇಶಿ ದೊಡ್ಡವರಿಗೆ 400 ಬಾತ್, ಮಕ್ಕಳಿಗೆ 200 ಎಂದು ದಪ್ಪಕ್ಷರದಲ್ಲಿ, ನಿಮಗೆ ಗೊತ್ತಿರುವ ಅಂಕಿಯಲ್ಲಿ, ಕನ್ನಡಕವಿಲ್ಲದೆ ಓದುವ ಹಾಗೆ ಬರೆದಿರುತ್ತದೆ. ಪಕ್ಕದಲ್ಲೇ ಜಿಲೇಬಿ ಹುಯ್ದಂಥ ಇನ್ನೊಂದು ಸಾಲು. ನೋಡಿದವರು ಬುದ್ಧನ ವಚನವೋ, ಕಾಡು ಉಳಿಸಿ ಎಂಬ ಘೋಷಣೆಯೋ ಎಂದುಕೊಂಡು ಅದರ ಮುಂದೆಯೇ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದು ವಚನವಲ್ಲ, ಥಾಯ್ ಜನರ ದರ: ದೊಡ್ಡವರಿಗೆ 40, ಮಕ್ಕಳಿಗೆ 20. ಗಂಡ, ಹೆಂಡತಿ, ಎರಡು ಮಕ್ಕಳ ಬೆಂಗಳೂರಿನ ಸಂಸಾರ 1200 ಬಾತ್ ಎಣಿಸಿಕೊಟ್ಟು ಒಳಗೆ ಹೋಗುವಾಗ, ಅದೇ ಸಾಲಿನಲ್ಲಿ ಹಿಂದೆ ನಿಂತಿದ್ದ ಅಷ್ಟೇ ತಲೆಗಳ ಬ್ಯಾಂಕಾಕ್ ಸಂಸಾರ 120 ಕೊಟ್ಟು ಬರುತ್ತದೆ. ಒಂದು ಸೊನ್ನೆಯ ವ್ಯತ್ಯಾಸ. ಸೊನ್ನೆ ಕಂಡುಹಿಡಿದವರು ನಾವೇ ಎಂದು ಎದೆ ತಟ್ಟಿಕೊಂಡಿದ್ದಕ್ಕೆ ಅದರ ಬಾಬ್ತು ನಮ್ಮ ಖಾತೆಗೇ ಬಿತ್ತು ಎಂದುಕೊಳ್ಳಬೇಕು.

ಅಲ್ಲಿನವರು ತೆರಿಗೆ ಕಟ್ಟುತ್ತಾರೆ, ಆದ್ದರಿಂದ ಅವರಿಗೆ ಕಡಿಮೆ ಎಂಬುದು ಸಮರ್ಥನೆ. ಒಪ್ಪತಕ್ಕ ಮಾತೇ. ಆದರೆ ಒಪ್ಪತಕ್ಕ ಮಾತನ್ನು ಎಲ್ಲರೂ ಓದುವ ಅಂಕಿಯಲ್ಲಿ ಬರೆಯಲು ಏನು ದಾಡಿ? ಅಂಗಡಿಯ ಬೆಲೆಚೀಟಿ, ಬಸ್ಸಿನ ನಂಬರು, ಮೊಬೈಲಿನ ರೀಚಾರ್ಜು, ಎಲ್ಲದಕ್ಕೂ ಥಾಯ್ ಜನ ಬಳಸುವುದು ನಾವೂ ಬಳಸುವ 1, 2, 3ನ್ನೇ. ಸರ್ಕಾರಿ ಕಾಗದಪತ್ರ ಬಿಟ್ಟರೆ ಅವರ ಅಂಕಿಗಳ ಮೇಲೆ ನಾಡಪ್ರೇಮ ಉಕ್ಕಿ ಹರಿಯುವುದು ಟಿಕೆಟ್ ಕೌಂಟರಿನಲ್ಲಿ, ಅದೂ ಕಡಿಮೆ ದರ ಬರೆಯುವಾಗ ಮಾತ್ರ. ಕೆಲವು ಕಡೆ ಅಂಕಿಯೂ ಬೇಡವೆಂದು ‘ಸೀ ಸಿಪ್ ಬಾತ್’ (ನಲವತ್ತು ಬಾತ್) ಎಂದು ಅಕ್ಷರದಲ್ಲೇ ಬರೆದಿರುತ್ತಾರೆ. ಇದನ್ನು ಮೋಸ ಎನ್ನಬಾರದು, ದಾಕ್ಷಿಣ್ಯ ಎನ್ನಬೇಕು. ನೀವು ಹತ್ತು ಪಟ್ಟು ಕೊಡುತ್ತಿದ್ದೀರಿ ಎಂದು ಗೊತ್ತಾಗಿ ನಿಮ್ಮ ಮನಸ್ಸು ನೋಯಬಾರದಲ್ಲ.

ಮನಸ್ಸು ನೋಯಿಸಿಕೊಂಡೇ ತೀರುತ್ತೇವೆ ಎನ್ನುವವರಿಗೆ ಪಾಠ ಬಹಳ ಸುಲಭ. ಟಿಕೆಟ್ ದರಗಳೆಲ್ಲ ಹೆಚ್ಚುಕಡಿಮೆ 10, 20, 40, 60, 100 ಇವುಗಳಲ್ಲೇ ಮುಗಿಯುವುದರಿಂದ ಹತ್ತೂ ಅಂಕಿ ಕಲಿಯಬೇಕಿಲ್ಲ. ಸೊನ್ನೆ ದುಂಡಗೆ, ನಮ್ಮ ೦ ಹೇಗೋ ಹಾಗೇ. ಅವರು ಅದನ್ನು ‘ಸೂನ್’ ಎನ್ನುತ್ತಾರೆ, ನಮ್ಮ ಶೂನ್ಯವೇ ಸಮುದ್ರ ದಾಟಿ ಬಾಲ ಕಳೆದುಕೊಂಡದ್ದು. ಒಂದು ಎಂಬುದು ಒಳಗೆ ಸುತ್ತಿಕೊಂಡ ಬಸವನಹುಳು, ನಮ್ಮ ೧ರ ಹತ್ತಿರದ ನೆಂಟ. ಸುರುಳಿಗೆ ಬಾಲವೊಂದು ಮೇಲೆದ್ದರೆ ಎರಡು. ಎಡವುವುದು ನಾಲ್ಕು ಮತ್ತು ಐದರಲ್ಲಿ: ಎರಡೂ ಅವಳಿ, ಐದರ ನೆತ್ತಿಯಲ್ಲಿ ಮಾತ್ರ ಒಂದು ಗಂಟು ಹೆಚ್ಚು. ಮೂರಕ್ಕೂ ಏಳಕ್ಕೂ ಇದೇ ಪಾಡು, ಏಳು ಬಲಗಡೆ ಬಾಲವನ್ನು ಮೇಲಕ್ಕೆ ಎತ್ತಿರುತ್ತದೆ. ಅರ್ಧ ತಾಸಿನಲ್ಲಿ ಕಲಿಯಬಹುದು.

ಈ ಹೋಲಿಕೆ ಆಕಸ್ಮಿಕವಲ್ಲ. ಥಾಯ್ ಲಿಪಿ ಬಂದದ್ದು ಹಳೆಯ ಖ್ಮೇರ್ ಲಿಪಿಯಿಂದ, ಅದು ಬಂದದ್ದು ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ. ಕನ್ನಡ ಬಂದದ್ದು ಕದಂಬ ಲಿಪಿಯ ದಾರಿಯಲ್ಲಿ. ಎರಡರ ಮೂಲಪುರುಷ ಬ್ರಾಹ್ಮಿ. ಅಂದರೆ ಆ ಬೋರ್ಡಿನ ಅಂಕಿಗಳು ನಮ್ಮ ಅಂಕಿಗಳಿಗೆ ದಾಯಾದಿಗಳು. ಇಷ್ಟು ಕೇಳಿ ಹಿಗ್ಗುವ ಮುನ್ನ ಒಂದು ಸಣ್ಣ ಪರೀಕ್ಷೆ: ೬, ೭, ೯ ಇವುಗಳಲ್ಲಿ ಏಳು ಯಾವುದು, ಥಟ್ಟನೆ ಹೇಳಿ. ನಾಮಫಲಕದಲ್ಲಿ ಕನ್ನಡ ಅಂಕಿ ಇರಲೇಬೇಕೆಂದು ಗುಡುಗುವವರೂ ಬಿಎಂಟಿಸಿ ಬಸ್ಸು ಬಂದಾಗ ಪಕ್ಕದವರನ್ನು ‘ಇದು ಯಾವ ನಂಬರು ಸಾರ್’ ಎನ್ನುವ ಕಾಲ ಇದು. ಸ್ವಂತ ಮನೆಯ ೭ ಮರೆತವರಿಗೆ ದಾಯಾದಿಯ ಏಳು ಗುರುತು ಸಿಗಲಿಲ್ಲವೆಂದರೆ ದೂರುವುದು ಯಾರನ್ನು?

ಇನ್ನು ಕಲಿತ ಮೇಲೆ ಏನು ಲಾಭ ಎಂದರೆ, ಏನೂ ಇಲ್ಲ. ‘ಸೀ ಸಿಪ್’ ಎಂದು ಸ್ಪಷ್ಟವಾಗಿ ಓದಿ ಹೇಳಿದರೆ ಕೌಂಟರಿನ ಹೆಂಗಸು ಮೆಚ್ಚಿ ನಗುತ್ತಾಳೆ, ನಕ್ಕು ‘ಸೀ ರೋಯ್’ ಎನ್ನುತ್ತಾಳೆ. ಸೀ ಎಂದರೆ ನಾಲ್ಕು, ಸಿಪ್ ಎಂದರೆ ಹತ್ತು, ರೋಯ್ ಎಂದರೆ ನೂರು. ಅಲ್ಲಿ ಕೆಲಸಕ್ಕಿರುವ ವಿದೇಶಿಯರು ಥಾಯ್ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಕೆಲವೊಮ್ಮೆ ಸ್ಥಳೀಯ ದರ ಗಿಟ್ಟಿಸುವುದುಂಟು, ಅದೂ ಗೇಟಿನಲ್ಲಿ ಕೂತವರ ಮರ್ಜಿ. ವಾರದ ಪ್ರವಾಸಿಗೆ ಆ ದಾರಿಯಿಲ್ಲ. ಎಷ್ಟು ಹೆಚ್ಚು ಕೊಟ್ಟೆ ಎಂಬುದು ಪೈಸೆ ಲೆಕ್ಕದಲ್ಲಿ ಗೊತ್ತಾಗುತ್ತದೆ, ವಿದ್ಯೆಯ ಫಲ ಅಷ್ಟೇ. ಅಂದಹಾಗೆ ಐದಕ್ಕೆ ಥಾಯ್‌ನಲ್ಲಿ ‘ಹಾ’. ಆದ್ದರಿಂದ ಅಲ್ಲಿನ ಹುಡುಗರು ಮೊಬೈಲಿನಲ್ಲಿ ನಗಬೇಕಾದರೆ 555 ಎಂದು ಒತ್ತುತ್ತಾರೆ.

ಕೌಂಟರಿನ ಮೇಲೆ ವಿದೇಶಿಯರಿಗೆಂದು ಬರೆದಿರುವ ಪದವನ್ನೂ ಗುರುತಿಟ್ಟುಕೊಳ್ಳಿ: ‘ತಾಂಗ್ ಚಾತ್’. ತಾಂಗ್ ಎಂದರೆ ಬೇರೆ. ಚಾತ್ ಎಂಬುದು ನಮ್ಮ ಜಾತಿಯೇ. ಅಲ್ಲಿ ಅದಕ್ಕೆ ದೇಶ, ರಾಷ್ಟ್ರ ಎಂಬ ಅರ್ಥ ಬಂದಿದೆ, ಆದರೆ ಹಣ ಕೊಡುವ ಕೈಗೆ ಅನಿಸುವ ಅರ್ಥ ಹಳೆಯದೇ. ಬೇರೆ ಜಾತಿಯವರಿಗೆ ಬೇರೆ ಸಾಲು, ಬೇರೆ ಲೋಟ. ಈ ಪದ್ಧತಿಯನ್ನೂ ನಮ್ಮಿಂದಲೇ ಕಲಿತರೇ ಎಂದು ಕೇಳಬೇಡಿ, ಉತ್ತರ ಕಷ್ಟ.

ಬ್ಯಾಂಕಾಕಿನ ಅರಮನೆಯಲ್ಲಿ ಈ ಮುಚ್ಚುಮರೆಯೂ ಇಲ್ಲ: ಥಾಯ್ ಜನರಿಗೆ ಪುಕ್ಕಟೆ, ನಿಮಗೆ 500 ಬಾತ್, ಅಂದರೆ ಸಾವಿರದ ಇನ್ನೂರು ರೂಪಾಯಿಗೂ ಮೇಲೆ. ಬೆಳಗ್ಗೆ 8.30ಕ್ಕೆ ಬಾಗಿಲು, ಮಧ್ಯಾಹ್ನ 3.30ಕ್ಕೆ ಟಿಕೆಟ್ ಬಂದ್. ಭುಜ, ಮೊಣಕಾಲು ಮುಚ್ಚಿರಬೇಕು, ಬರ್ಮುಡಾ ಚಡ್ಡಿಯವರನ್ನು ಹಿಂದಕ್ಕೆ ಕಳಿಸುತ್ತಾರೆ. ಟಿಕೆಟ್ ಹರಿದು ಬಿಸಾಡಬೇಡಿ, ಅದೇ ಆವರಣದ ರಾಣಿ ಸಿರಿಕಿತ್ ಜವಳಿ ವಸ್ತುಸಂಗ್ರಹಾಲಯ ಅದರಲ್ಲೇ ಸೇರಿದೆ. ಒಳಗಿನ ಮೊಗಸಾಲೆಯ ಗೋಡೆಯಲ್ಲಿ ಅವರ ರಾಮಾಯಣವಾದ ರಾಮಕಿಯನ್ 178 ಚಿತ್ರಗಳಲ್ಲಿ ಹಬ್ಬಿಕೊಂಡಿದೆ. ಬಿಳಿ ಮೈಯ ಹನುಮಂತ ಅಲ್ಲಿ ಭರ್ಜರಿಯಾಗಿದ್ದಾನೆ. ನಮ್ಮ ನಂಬಿಕೆಯ ಪ್ರಕಾರ ಆತ ಆನೆಗೊಂದಿ ಕಡೆಯವನು, ಅಲ್ಲಿಗೆ ಹೋದಮೇಲೆ ಬ್ರಹ್ಮಚರ್ಯ ಬಿಟ್ಟು ಮತ್ಸ್ಯಕನ್ಯೆಯೊಡನೆ ಸಂಸಾರ ಹೂಡಿದ. ಇಂದು ಗೇಟಿನ ಮೂಲಕ ಬಂದರೆ ಆತನೂ ಬೇರೆ ಜಾತಿ, 500 ಬಾತ್. ಹಾರಿ ಬಂದದ್ದೇ ಒಳ್ಳೆಯದಾಯಿತು.

ಗೇಟು ತಲಪುವ ಮೊದಲು ಒಬ್ಬ ಸಭ್ಯಸ್ಥ ಸಿಗುತ್ತಾನೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪುಟ್ಟ ಭೂಪಟ, ಅರಮನೆಯ ಹೊರಗೋಡೆಯ ಉದ್ದಕ್ಕೂ ಅವನ ವಾಸ. ‘ಇವತ್ತು ಹಬ್ಬ, ಅರಮನೆ ಒಂದು ಗಂಟೆಯವರೆಗೆ ಬಂದ್’ ಎನ್ನುತ್ತಾನೆ. ನೀವು ಮುಖ ಸಣ್ಣದು ಮಾಡುವಷ್ಟರಲ್ಲಿ ಟುಕ್‌ಟುಕ್ ಒಂದು ತಾನಾಗಿಯೇ ಬಂದು ನಿಲ್ಲುತ್ತದೆ: ಮೂರು ದೇವಸ್ಥಾನ, ಎರಡು ತಾಸು, ಬರೀ 20 ಬಾತ್. ಇಲ್ಲಿ ಸ್ವಲ್ಪ ಲೆಕ್ಕ ಹಾಕಿ. 20 ಬಾತಿಗೆ ಎರಡು ತಾಸು ಓಡಿಸಿದರೆ ಪೆಟ್ರೋಲಿಗೂ ಗಿಟ್ಟುವುದಿಲ್ಲ. ಗಿಟ್ಟಿಸಿಕೊಡುವುದು ನಡುವೆ ಬರುವ ಹರಳಿನ ಅಂಗಡಿ ಮತ್ತು ಸೂಟು ಹೊಲಿಯುವ ಅಂಗಡಿ. ಗಿರಾಕಿಯನ್ನು ಒಳಗೆ ಕೂರಿಸಿದರೆ ಚಾಲಕನಿಗೆ ಪೆಟ್ರೋಲ್ ಕೂಪನ್, ಗಿರಾಕಿ ಕೊಂಡರೆ ಕಮಿಷನ್. ‘ಅಪರಿಚಿತರ ಮಾತು ನಂಬಬೇಡಿ’ ಎಂದು ಅರಮನೆಯ ಬಳಿ ಬೋರ್ಡು ಹಾಕಿದ್ದಾರೆ, ಇದು ಮಾತ್ರ ನೀವು ಓದಬಲ್ಲ ಭಾಷೆಯಲ್ಲಿದೆ. ಸಭ್ಯಸ್ಥ ಅದರಿಂದ ಕೂಗಳತೆಯಲ್ಲೇ ನಿಂತಿರುತ್ತಾನೆ. ಮಾಡಬೇಕಾದ್ದು ಇಷ್ಟೇ: ಗೇಟಿನ ತನಕ ನಡೆದು ಕಣ್ಣಾರೆ ನೋಡುವುದು. ದೋಣಿಯಲ್ಲಿ ಬಂದು ತಾ ಚಾಂಗ್ ಕಟ್ಟೆಯಲ್ಲಿ ಇಳಿದರೆ ಅಥವಾ ಮೆಟ್ರೊ ನೀಲಿ ಮಾರ್ಗದ ಸನಾಮ್ ಚಾಯ್ ನಿಲ್ದಾಣದಿಂದ ನಡೆದರೆ ಟುಕ್‌ಟುಕ್ಕಿನ ಸಹವಾಸವೇ ಬೇಡ.

ಟ್ಯಾಕ್ಸಿಯ ಮೀಟರು 35 ಬಾತಿನಿಂದ ಶುರು. ಸುವರ್ಣಭೂಮಿ ವಿಮಾನ ನಿಲ್ದಾಣದಿಂದ ಹತ್ತಿದರೆ 50 ಹೆಚ್ಚುವರಿ, ಯಂತ್ರ ಕೊಡುವ ಚೀಟಿಯನ್ನು ಚಾಲಕನ ಕೈಗೆ ಕೊಟ್ಟುಬಿಡಬೇಡಿ, ತಕರಾರು ಬಂದರೆ ಅದೇ ಸಾಕ್ಷಿ. ‘ಮೀಟರ್ ಕೆಟ್ಟಿದೆ’ ಎಂಬ ವಾಕ್ಯದ ಅನುವಾದ ಬೆಂಗಳೂರಿನವರಿಗೆ ಬೇಕಾಗಿಲ್ಲ.

ದುಡ್ಡಿನ ವಿಷಯದಲ್ಲಿ ಆ ದೇಶದ ಒಂದು ಸೂತ್ರ ಹೀಗಿದೆ: ಯಾವುದು ನಿಜವಾಗಿ ಪುಕ್ಕಟೆಯೋ ಅದಕ್ಕೆ ಯಾರಾದರೂ ದುಡ್ಡು ಕೇಳುತ್ತಿರುತ್ತಾರೆ. 2025ರ ಮೇ 1ರಿಂದ ವಿದೇಶಿಯರೆಲ್ಲ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ತಲಪುವ ಮುಂಚಿನ ಮೂರು ದಿನದೊಳಗೆ. ಶುಲ್ಕವಿಲ್ಲ. ಹುಡುಕಿದರೆ ಥೇಟ್ ಸರ್ಕಾರಿಯಂತೆಯೇ ವೇಷ ತೊಟ್ಟ ತಾಣಗಳು ಸಾಲುಗಟ್ಟಿ ಕಾರ್ಡ್ ನಂಬರ್ ಕೇಳುತ್ತವೆ. ವಿಳಾಸದ ಕೊನೆಯಲ್ಲಿ ‘ಡಾಟ್ ಜಿಒ ಡಾಟ್ ಟಿಎಚ್’ ಇದೆಯೇ ನೋಡಿ, ಇಲ್ಲದಿದ್ದರೆ ಮುಚ್ಚಿ. ಸರ್ಕಾರವೂ ಸುಮ್ಮನೆ ಕೂತಿಲ್ಲ. ವಿಮಾನದಲ್ಲಿ ಬಂದವರಿಗೆ ತಲಾ 300 ಬಾತ್ ಹಾಕಲು 2023ರ ಫೆಬ್ರುವರಿಯಲ್ಲಿ ಸಂಪುಟ ಒಪ್ಪಿತು, ಆಮೇಲೆ ಮುಂದೂಡಿಕೆಯ ಮೇಲೆ ಮುಂದೂಡಿಕೆ. ಜನರ ಬಾಯಲ್ಲಿ ಅದರ ಹೆಸರು ‘ನೆಲ ತುಳಿದ ಶುಲ್ಕ’. ತುಳಿಯದೆ ತೇಲುವವರಿಗೆ ರಿಯಾಯಿತಿ ಉಂಟೋ ಎಂಬುದನ್ನು ಯಾರೂ ವಿಚಾರಿಸಿಲ್ಲ.

ಇಷ್ಟೆಲ್ಲ ಓದಿ ಥಾಯ್ ಜನರ ಮೇಲೆ ಹಲ್ಲು ಕಡಿಯುತ್ತಿದ್ದರೆ ಒಂದು ಗುಟುಕು ನೀರು ಕುಡಿದು ಹಂಪಿಗೆ ಬನ್ನಿ. ವಿಜಯವಿಠ್ಠಲ ದೇವಸ್ಥಾನದ ಕೌಂಟರಿನಲ್ಲಿ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಅವರದು ಹತ್ತು ಪಟ್ಟು, ನಮ್ಮದು ಹದಿನೈದು. ಎಲ್ಲರ ಮನೆ ದೋಸೆಯೂ ತೂತೇ, ನಮ್ಮದರಲ್ಲಿ ತೂತು ಸ್ವಲ್ಪ ದೊಡ್ಡದು, ಆದರೆ ಬೋರ್ಡಿನಲ್ಲಿ ಎಲ್ಲರೂ ಓದುವ ಹಾಗೆ ಬರೆದಿದ್ದೇವೆ. ಮಜಾ ಇರುವುದು ಅದೇ ಬೋರ್ಡಿನ ಇನ್ನೊಂದು ಸಾಲಿನಲ್ಲಿ: ದಕ್ಷಿಣ ಏಷ್ಯಾದ ಕೂಟವಾದ ಸಾರ್ಕ್ ಮತ್ತು ಬಂಗಾಳ ಕೊಲ್ಲಿ ಸುತ್ತಲಿನ ಕೂಟವಾದ ಬಿಮ್‌ಸ್ಟೆಕ್ ದೇಶಗಳವರಿಗೂ 40 ರೂಪಾಯಿಯೇ. ಬಿಮ್‌ಸ್ಟೆಕ್ ಹುಟ್ಟಿದ್ದು 1997ರಲ್ಲಿ, ಬ್ಯಾಂಕಾಕಿನ ಘೋಷಣೆಯಿಂದ. ಥಾಯ್ಲೆಂಡ್ ಅದರ ಸದಸ್ಯ. ಹೀಗಾಗಿ ಥಾಯ್ ಪ್ರಜೆ ಖಾವೊ ಯಾಯ್‌ಗೆ ಹೋದರೂ 40, ಹಂಪಿಗೆ ಬಂದರೂ 40. ನಾವು ಅವನನ್ನು ಸ್ವಜಾತಿಗೆ ಸೇರಿಸಿಕೊಂಡೆವು, ಅವನು ನಮ್ಮನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿದ. ಈ ಸ್ನೇಹಕ್ಕೆ ಪ್ರಾದೇಶಿಕ ಸಹಕಾರ ಎಂದು ಹೆಸರು.

ಎಲ್ಲರಿಗೂ ಒಂದೇ ದರವಿರುವ ಜಾಗ ಬ್ಯಾಂಕಾಕಿನಲ್ಲೂ ಇದೆ. ವಾಟ್ ಫೋ ದೇವಸ್ಥಾನ ನೋಡಿ ಮುಗಿಸಿ (300 ಬಾತ್, 46 ಮೀಟರ್ ಉದ್ದದ ಮಲಗಿದ ಬುದ್ಧ, ಜತೆಗೊಂದು ಬಾಟಲಿ ನೀರು) ತಾ ತಿಯೆನ್ ಕಟ್ಟೆಗೆ ಬನ್ನಿ. ಚಾವೊ ಫ್ರಾಯಾ ನದಿ ದಾಟಿಸುವ ದೋಣಿಗೆ 5 ಬಾತ್, ಅಂದರೆ ಬರೀ ಒಂದು ‘ಹಾ’. ಸನ್ಯಾಸಿ, ಶಾಲೆ ಹುಡುಗ, ತರಕಾರಿ ಬುಟ್ಟಿಯ ಹೆಂಗಸು, ನೀವು, ಎಲ್ಲರೂ ಒಂದೇ ಹಲಗೆಯ ಮೇಲೆ. ಚಿಲ್ಲರೆ ಇಟ್ಟುಕೊಂಡಿರಿ, 1000ದ ನೋಟಿಗೆ ಸಿಡುಕುತ್ತಾರೆ. ಗಾಳಿ ಚೆನ್ನಾಗಿ ಬೀಸುತ್ತದೆ, ಯಾರೂ ಜಾತಿ ಕೇಳುವುದಿಲ್ಲ. ಮೂರ್ನಾಲ್ಕು ನಿಮಿಷದಲ್ಲಿ ದೋಣಿ ಆಚೆ ದಡಕ್ಕೆ ತಾಗುತ್ತದೆ, ಎದುರಿಗೇ ವಾಟ್ ಅರುಣ್‌ನ ಕೌಂಟರು: ತಾಂಗ್ ಚಾತ್, 200.