ರೀಡಯಲ್ ಒತ್ತುವ ಮೊದಲು ಅಂಚೆಪೆಟ್ಟಿಗೆ ನೋಡಿ

ಕ್ಯಾಲಿಫೋರ್ನಿಯಾದಲ್ಲಿ ನಿರುದ್ಯೋಗ ಭತ್ಯೆ ಕೊಡುವ ಇಲಾಖೆ ಇಡಿಡಿಗೆ ಫೋನ್ ಮಾಡುವ ಬಗ್ಗೆ ನಿಮ್ಮ ಲೇಖನದಲ್ಲಿ ‘ಬೆಳಿಗ್ಗೆ 8ಕ್ಕೆ ಸರಿಯಾಗಿ ರೀಡಯಲ್ ಒತ್ತುತ್ತಲೇ ಇರಿ, ಸಿಕ್ಕೇ ಸಿಗುತ್ತಾರೆ’ ಎಂದಿದ್ದೀರಿ. ಅರ್ಧ ಸತ್ಯ. ಆ ಗಳಿಗೆಗೆ ಎಲ್ಲರೂ ಅದನ್ನೇ ಮಾಡುತ್ತಿರುತ್ತಾರೆ, ಸೋಮವಾರವಂತೂ ಕೇಳಲೇಬೇಡಿ. ದುಡ್ಡು ಬಿಡುಗಡೆಯಾಯಿತೇ ಎಂದಷ್ಟೇ ತಿಳಿಯಲು ಮನುಷ್ಯರು ಬೇಕಿಲ್ಲ. ದಿನದ 24 ಗಂಟೆಯೂ ನಡೆಯುವ ಸ್ವಯಂಚಾಲಿತ ಲೈನ್ ಬೇರೆಯೇ ಇದೆ. ಇಡಿಡಿಯ ಆನ್‌ಲೈನ್ ಖಾತೆಯಲ್ಲಿ ‘ಪೆಂಡಿಂಗ್’ ಎಂದಿದ್ದರೆ ಮೊದಲು ಅಂಚೆಪೆಟ್ಟಿಗೆ ತೆಗೆಯಿರಿ: ದೂರವಾಣಿ ಸಂದರ್ಶನದ ದಿನ, ಸಮಯ ಬರೆದ ನೋಟಿಸ್ ಬಂದಿರಬಹುದು. ಆ ಕರೆ ಎತ್ತದಿದ್ದರೆ ಕೈಲಿರುವ ಮಾಹಿತಿಯ ಮೇಲೇ ತೀರ್ಮಾನ ಬರೆದುಬಿಡುತ್ತಾರೆ. ಹಾಗಾಗಿ ಅಪರಿಚಿತ ನಂಬರ್ ತಡೆಯುವ ಸೆಟ್ಟಿಂಗ್ ಅಂದು ತೆಗೆದಿಡಿ (ಸ್ಪ್ಯಾಮ್ ಕಾಟ ಒಂದು ದಿನ ಸಹಿಸಿಕೊಳ್ಳಿ).

ಲೇಖನ ಬಿಟ್ಟ ದೊಡ್ಡ ಮಾತು ಬೇರೆ. ಫೋನ್ ಸಿಗಲಿಲ್ಲವೆಂದು ಎರಡು ವಾರಕ್ಕೊಮ್ಮೆಯ ಸರ್ಟಿಫಿಕೇಶನ್ (ಆ ವಾರಗಳಲ್ಲೂ ಭತ್ಯೆಗೆ ಅರ್ಹರೆಂದು ನೀವು ಕೊಡುವ ದೃಢೀಕರಣ) ನಿಲ್ಲಿಸಬೇಡಿ. ಅದಿಲ್ಲದ ವಾರಗಳಿಗೆ ಹಣ ಬರುವುದಿಲ್ಲ. ಅರ್ಜಿ ತಿರಸ್ಕೃತವಾದರೆ ಮೇಲ್ಮನವಿಗೆ 30 ದಿನ, ಎಣಿಕೆ ನೋಟಿಸ್ ಮೇಲಿರುವ ಅಂಚೆ ದಿನಾಂಕದಿಂದ, ನಿಮಗೆ ಲೈನ್ ಸಿಕ್ಕ ದಿನದಿಂದಲ್ಲ. ಯಾವುದೂ ನಡೆಯದಿದ್ದರೆ ನಿಮ್ಮ ರಾಜ್ಯ ಅಸೆಂಬ್ಲಿ ಸದಸ್ಯರ ಕ್ಷೇತ್ರ ಕಚೇರಿಗೆ ಹೇಳಿ. ವಾಷಿಂಗ್ಟನ್‌ನ ಸಂಸದರಿಗಲ್ಲ, ಇಡಿಡಿ ರಾಜ್ಯ ಸರ್ಕಾರದ್ದು.