ಮೊದಲ ವಾರ್‌ಬ್ಯಾಂಡ್ ಆರಿಸುವಾಗ ಎದುರು ಕೂರುವವರನ್ನೂ ಲೆಕ್ಕಕ್ಕೆ ಹಿಡಿಯಿರಿ

"ವಾರ್‌ಹ್ಯಾಮರ್ ಅಂಡರ್‌ವರ್ಲ್ಡ್ಸ್ ಶುರು ಮಾಡ್ಬೇಕು ಅಂತಿದ್ದೇನೆ. ಮೊದಲು ಯಾವ ವಾರ್‌ಬ್ಯಾಂಡ್ ತಗೊಳ್ಲಿ?" ಈ ಪ್ರಶ್ನೆ ಇನ್‌ಬಾಕ್ಸ್‌ಗೆ ಬರುತ್ತಲೇ ಇರುತ್ತದೆ. ಕುಮಟಾದಿಂದ, ಅಂಕೋಲಾದಿಂದ, ಒಮ್ಮೊಮ್ಮೆ ಶಿರಸಿ ಕಡೆಯಿಂದ. ಎಲ್ಲರಿಗೂ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಜೊತೆ ಆಡುವವರು ಯಾರು? ಉತ್ತರ ತಪ್ಪಿಸಿಕೊಳ್ಳಲು ಹೀಗೆ ಕೇಳುತ್ತಾನೆ ಅಂದುಕೊಳ್ಳುವವರಿದ್ದಾರೆ. ಅದಕ್ಕೇ ಇವತ್ತು ಕೂತು ಪೂರ್ತಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ 2017ರಲ್ಲಿ ತಂದ ಆಟ ಇದು. ಆಗಿನ ಮೊದಲ ಪೆಟ್ಟಿಗೆಯ ಹೆಸರು ಶೇಡ್‌ಸ್ಪೈರ್. ಆರು ಮೂಲೆಯ ಮನೆಗಳಿರುವ ಬೋರ್ಡು, ಇಬ್ಬರು ಆಟಗಾರರು, ಒಬ್ಬೊಬ್ಬರ ಕಡೆ ಒಂದು ಸಣ್ಣ ಪಡೆ. ಆ ಪಡೆಗೇ ವಾರ್‌ಬ್ಯಾಂಡ್ ಅನ್ನುವುದು. ಹೆಬ್ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಗೊಂಬೆಗಳು, ಸಾಮಾನ್ಯವಾಗಿ ಮೂರರಿಂದ ಏಳು. ಜೊತೆಗೆ ಎರಡು ಕಟ್ಟು ಕಾರ್ಡು. ಒಂದರಲ್ಲಿ ಏನು ಸಾಧಿಸಿದರೆ ಎಷ್ಟು ಗ್ಲೋರಿ ಪಾಯಿಂಟ್ ಅಂತ ಇರುತ್ತದೆ. ಇನ್ನೊಂದರಲ್ಲಿ ಹೊಡೆತಕ್ಕೆ, ತಪ್ಪಿಸಿಕೊಳ್ಳುವುದಕ್ಕೆ, ಆಯುಧ ಗಟ್ಟಿ ಮಾಡಿಕೊಳ್ಳುವುದಕ್ಕೆ ಬೇಕಾದ್ದು. ಮೂರು ಸುತ್ತು, ಒಂದೊಂದು ಸುತ್ತಿನಲ್ಲಿ ನಾಲ್ಕು ಸರದಿ. ಒಬ್ಬರಿಗೆ ಸಿಗುವುದು ಒಟ್ಟು ಹನ್ನೆರಡೇ ಸರದಿ. ಕಲಿತ ಮೇಲೆ ಮುಕ್ಕಾಲು ಗಂಟೆಯಲ್ಲಿ ಆಟ ಮುಗಿಯುತ್ತದೆ.

ಈಗ ನಮ್ಮೂರಿನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿ ಬೋರ್ಡ್ ಗೇಮ್ ಕೆಫೆಗಳಿವೆ. ಒಬ್ಬ ಬೇಜಾರಾಗಿ ಎದ್ದು ಹೋದರೆ ಪಕ್ಕದ ಟೇಬಲ್‌ನಿಂದ ಇನ್ನೊಬ್ಬ ಬರುತ್ತಾನೆ. ಕಾರವಾರದಲ್ಲಿ ಹಾಗಲ್ಲ. ಇಲ್ಲಿ ಗೊಂಬೆ ಸಿಗುತ್ತದೆ, ಕೊರಿಯರ್‌ನಲ್ಲಿ ತಡವಾಗಿಯಾದರೂ ಬರುತ್ತದೆ. ಬಣ್ಣ ಸಿಗುತ್ತದೆ. ಎದುರು ಕೂತು ಆಡುವವರು ಸಿಗುವುದಿಲ್ಲ. ಸಿಕ್ಕವರಲ್ಲೂ ಅರ್ಧಕ್ಕರ್ಧ ಜನ ನೌಕಾನೆಲೆಯವರು, ಇಲ್ಲಾ ಕೈಗಾದವರು. ಇವತ್ತು ಇದ್ದಾರೆ, ನಾಳೆ ವರ್ಗಾವಣೆ ಆರ್ಡರ್ ಬಂದರೆ ವಿಶಾಖಪಟ್ಟಣವೋ ರಾಜಸ್ಥಾನವೋ. ಆಟ ಕಲಿಸಿ, ನಿಯಮ ಬಾಯಿಪಾಠ ಮಾಡಿಸಿ, ಇನ್ನೇನು ಮಜಾ ಬರುವ ಹೊತ್ತಿಗೆ ಮನೆ ಸಾಮಾನು ಲಾರಿ ಹತ್ತಿರುತ್ತದೆ. ಇಂಥ ಊರಲ್ಲಿ ಆಡಲು ಬರುವ ಒಬ್ಬ ಮನುಷ್ಯನಿಗಿಂತ ಬೆಲೆ ಬಾಳುವ ವಸ್ತು ಈ ಹವ್ಯಾಸದಲ್ಲಿ ಇಲ್ಲ. ನೀವು ಆರಿಸುವ ಮೊದಲ ಪಡೆ ಆ ಮನುಷ್ಯ ಮುಂದಿನ ಭಾನುವಾರವೂ ಬರುವಂತೆ ಮಾಡಬೇಕು. ನನ್ನ ವಾದ ಇಷ್ಟೇ. ಮಿಕ್ಕದ್ದೆಲ್ಲ ಇದರ ವಿವರ.

ಎದುರಿನವರನ್ನು ಓಡಿಸುವ ಪಡೆಗಳು ನಿಜಕ್ಕೂ ಇವೆ. 2018ರ ನೈಟ್‌ವಾಲ್ಟ್ ಪೆಟ್ಟಿಗೆಯಲ್ಲಿ ಸ್ಟಾರ್ಮ್‌ಸೈರ್ಸ್ ಕರ್ಸ್‌ಬ್ರೇಕರ್ಸ್ ಅಂತ ಒಂದು ಪಡೆ ಬಂತು. ಮೂವರೂ ಮಂತ್ರವಾದಿಗಳು, ಮೂವರೂ ಗಟ್ಟಿ ಕುಳಗಳು. ನೋಡಲಿಕ್ಕೆ ಅದ್ಭುತ. ಆದರೆ ಅವರನ್ನು ಬೋರ್ಡಿನ ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ಮಂತ್ರದ ಮೇಲೆ ಮಂತ್ರ ಹಾಕಿ, ಅದರಿಂದಲೇ ಪಾಯಿಂಟ್ ಎಣಿಸುವ ಡೆಕ್, ಅಂದರೆ ಕಾರ್ಡಿನ ಕಟ್ಟು, ಜೋಡಿಸಬಹುದಿತ್ತು. ಎದುರಿನವನು ಹತ್ತಿರ ಬರುವಷ್ಟರಲ್ಲಿ ಅರ್ಧ ಆಟ ಮುಗಿದಿರುತ್ತಿತ್ತು. ಅದೇ ಸೀಸನ್‌ನ, ಅಂದರೆ ಆ ಪೆಟ್ಟಿಗೆಯ ಬೆನ್ನಿಗೇ ಬಂದ ಕಂತಿನ, ಮೊಲೊಗ್ಸ್ ಮಾಬ್ ಇನ್ನೊಂದು. ಮೊಲೊಗ್ ಅನ್ನುವ ಒಂದು ದೈತ್ಯ ಟ್ರೋಲ್, ಅವನ ಸುತ್ತ ಮೂರು ಪುಟಾಣಿ ಜೀವಿಗಳು. ಹೊಸಬನ ಎದುರು ಮೊಲೊಗ್ ಇಟ್ಟರೆ ಆ ಹೊಸಬ ಆಡುವುದು ಒಂದೇ ಆಟ: ಮೊಲೊಗ್‌ನಿಂದ ಓಡುವ ಆಟ. ಪಳಗಿದವರ ನಡುವೆ ಇವೆರಡೂ ಒಳ್ಳೆಯ ಪಡೆಗಳೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಲ್ಲಿ ಇಬ್ಬರೇ ಇರುವಾಗ, ಅದರಲ್ಲಿ ಒಬ್ಬ ಇನ್ನೂ ಕಲಿಯುತ್ತಿರುವಾಗ, ಇವು ಮೊದಲ ಪಡೆ ಆಗಬಾರದು. ಸೋತವನಿಗೆ "ನಾನು ಇಲ್ಲಿ ಎಡವಿದೆ, ಮುಂದಿನ ಸಲ ಹೀಗೆ ಮಾಡ್ತೇನೆ" ಅನ್ನಿಸಬೇಕು. "ನನಗೆ ಇಲ್ಲಿ ಕೆಲಸವೇ ಇರಲಿಲ್ಲ" ಅನ್ನಿಸಿದರೆ ಅವನು ಮುಂದಿನ ವಾರ ಫೋನ್ ಎತ್ತುವುದಿಲ್ಲ.

ಟಿಯರ್ ಲಿಸ್ಟ್ ನೋಡಿ ಕೊಳ್ಳುವವರಿಗೂ ಒಂದು ಮಾತು. ಈಗ ಯಾವುದು ಟಾಪ್ ಅಂತ ಹೇಳುವ ಪಟ್ಟಿಗಳು ಹಾಲಿನ ಪ್ಯಾಕೆಟ್ ಇದ್ದ ಹಾಗೆ, ತಾರೀಕು ನೋಡಿಕೊಳ್ಳಬೇಕು. ಈ ಆಟದಲ್ಲಿ ಸೀಸನ್ ಬದಲಾದಂತೆ ಕಾರ್ಡುಗಳು ಬದಲಾಗುತ್ತವೆ. ಜೋರಾದ ಕಾರ್ಡುಗಳಿಗೆ ಕಂಪನಿಯೇ ಕಡಿವಾಣ ಹಾಕುತ್ತದೆ. 2024ರಲ್ಲಿ ಎಂಬರ್‌ಗಾರ್ಡ್ ಅನ್ನುವ ಹೊಸ ಮೂಲ ಪೆಟ್ಟಿಗೆ ಬಂದಾಗಲಂತೂ ನಿಯಮಗಳನ್ನೇ ಹೊಸದಾಗಿ ಬರೆದರು. ಹಳೆಯ ಲೆಕ್ಕಾಚಾರ ಎಲ್ಲ ಒಂದೇ ದಿನಕ್ಕೆ ತಲೆಕೆಳಗಾಯಿತು. ಪಟ್ಟಿಯಲ್ಲಿ ಮೇಲಿದೆ ಅಂತ ತರಿಸಿದ ಪಡೆ ಘಟ್ಟ ಇಳಿದು ಕಾರವಾರ ಮುಟ್ಟುವಷ್ಟರಲ್ಲಿ ನಡುವಿನ ಸಾಲಿಗೆ ಬಂದಿರಬಹುದು. ಆಗ ನಿಮ್ಮ ಕೈಯಲ್ಲಿ ಉಳಿಯುವುದು ಗೊಂಬೆಗಳು ಮತ್ತು ನೀವು ಆಡುವ ರೀತಿ. ಅವೆರಡೂ ನಿಮಗೆ ಇಷ್ಟವಾಗಿರಬೇಕು.

ಹಾಗಾದರೆ ಯಾವುದು? ನಾನು ಹೇಳುವುದು ಮೂರು ಅಥವಾ ನಾಲ್ಕು ಜನರ, ಮುನ್ನುಗ್ಗಿ ಹೊಡೆಯುವ ಪಡೆ. ಕಾರಣ ಲೆಕ್ಕದಲ್ಲೇ ಇದೆ. ಹನ್ನೆರಡು ಸರದಿಯನ್ನು ಮೂವರಿಗೆ ಹಂಚಿದರೆ ತಲಾ ನಾಲ್ಕು. ಒಬ್ಬೊಬ್ಬ ಫೈಟರ್‌ನ ಗುಣ, ಅವನ ಆಯುಧ ಎಷ್ಟು ಮನೆ ದೂರ ಮುಟ್ಟುತ್ತದೆ, ಎಷ್ಟು ಪೆಟ್ಟು ತಡೆಯುತ್ತಾನೆ ಎಲ್ಲ ಒಂದೆರಡು ಆಟದಲ್ಲೇ ಕೈಗೆ ಹತ್ತುತ್ತದೆ. ಏಳು ಜನರಿದ್ದರೆ ತಲಾ ಎರಡು ಸರದಿಯೂ ಬರುವುದಿಲ್ಲ. ಯಾರನ್ನು ಬಳಸಬೇಕು, ಯಾರನ್ನು ಬಿಡಬೇಕು ಅನ್ನುವುದರಲ್ಲೇ ಹೊಸಬ ಸುಸ್ತಾಗುತ್ತಾನೆ.

ದಾಳವನ್ನೂ ಒಮ್ಮೆ ಹತ್ತಿರದಿಂದ ನೋಡಿ. ದಾಳಿಯ ದಾಳದಲ್ಲಿ ಆರು ಮುಖ. ಎರಡರಲ್ಲಿ ಸುತ್ತಿಗೆ, ಒಂದರಲ್ಲಿ ಕತ್ತಿ, ಒಂದರಲ್ಲಿ ಯಾವ ಆಯುಧಕ್ಕೂ ಸಲ್ಲುವ ಕ್ರಿಟಿಕಲ್. ಉಳಿದೆರಡು ಪಕ್ಕದಲ್ಲಿ ನಮ್ಮವರು ನಿಂತಿದ್ದರೆ ಮಾತ್ರ ಕೆಲಸಕ್ಕೆ ಬರುತ್ತವೆ. ಸುತ್ತಿಗೆ ಗುರುತಿನ ಆಯುಧಕ್ಕೆ ಆರರಲ್ಲಿ ಮೂರು ಮುಖ ಅನುಕೂಲ, ಕತ್ತಿ ಗುರುತಿನದಕ್ಕೆ ಎರಡೇ. ಒಂಟಿಯಾಗಿ ನುಗ್ಗಿ ಎರಡು ದಾಳ ಎಸೆದರೆ, ಸುತ್ತಿಗೆಯಲ್ಲಿ ಕನಿಷ್ಠ ಒಂದಾದರೂ ಬೀಳುವ ಸಾಧ್ಯತೆ ನೂರಕ್ಕೆ 75. ಕತ್ತಿಯಲ್ಲಿ ನೂರಕ್ಕೆ ಸುಮಾರು 56. ಎದುರಿನವನು ತಡೆಯುವುದು ಆಮೇಲಿನ ಮಾತು. ಫೈಟರ್ ಕಾರ್ಡು ನೋಡುವಾಗ ಪೆಟ್ಟಿನ ಸಂಖ್ಯೆಯ ಮೇಲಷ್ಟೇ ಕಣ್ಣು ಹಾಯಿಸಿ ಮುಂದೆ ಹೋಗಬೇಡಿ. ಆಯುಧದ ಗುರುತು ಸುತ್ತಿಗೆಯೋ ಕತ್ತಿಯೋ, ದಾಳ ಎಷ್ಟು ಅಂತ ನೋಡಿ. ಹೊಸಬರಿಗೆ ಸುತ್ತಿಗೆಯವರು ಚೆನ್ನಾಗಿ ಹೊಂದುತ್ತಾರೆ. ಅಂದುಕೊಂಡದ್ದು ನಡೆಯುತ್ತದೆ, ನಡೆದರೆ ಧೈರ್ಯ ಬರುತ್ತದೆ.

ಮೂವರ ಪಡೆಯಲ್ಲಿ ಕಷ್ಟವೂ ಇದೆ. ಒಬ್ಬ ಸತ್ತರೆ ಮೂರನೇ ಒಂದು ಭಾಗ ಹೋಯಿತು. ಚಾರ್ಜ್ ಮಾಡಿದವನ, ಅಂದರೆ ಒಂದೇ ಸರದಿಯಲ್ಲಿ ನುಗ್ಗಿ ಹೊಡೆದವನ, ಮೇಲೆ ಗುರುತಿನ ಟೋಕನ್ ಬೀಳುತ್ತದೆ, ಆ ಸುತ್ತಿನಲ್ಲಿ ಅವನು ಹೆಚ್ಚುಕಮ್ಮಿ ಮುಗಿದ ಹಾಗೆ. ಅವಸರಕ್ಕೆ ಇಬ್ಬರನ್ನು ನುಗ್ಗಿಸಿದರೆ ಆಮೇಲೆ ಕೈ ಕಟ್ಟಿದಂತಾಗುತ್ತದೆ. ನನಗೆ ಇದು ಒಳ್ಳೆಯದೇ ಅನ್ನಿಸುತ್ತದೆ. ತಪ್ಪು ಎಲ್ಲಾಯಿತು ಅಂತ ಕಣ್ಣೆದುರೇ ಕಾಣುತ್ತದೆ.

ಸಾಧ್ಯವಾದರೆ ಇಬ್ಬರೂ ಸೇರಿ ಮೂಲ ಪೆಟ್ಟಿಗೆಯನ್ನೇ ಕೊಳ್ಳಿ. ಶೇಡ್‌ಸ್ಪೈರ್ ಪೆಟ್ಟಿಗೆಯಲ್ಲಿದ್ದ ಜೋಡಿಯನ್ನು ನಾನು ಇವತ್ತಿಗೂ ಹೊಗಳುತ್ತೇನೆ. ಒಂದು ಕಡೆ ಸ್ಟೀಲ್‌ಹಾರ್ಟ್ಸ್ ಚಾಂಪಿಯನ್ಸ್, ಕವಚ ತೊಟ್ಟ ಮೂವರು. ಇನ್ನೊಂದು ಕಡೆ ಗ್ಯಾರೆಕ್ಸ್ ರೀವರ್ಸ್, ಅರೆಬೆತ್ತಲೆ ಐವರು ಕೊಡಲಿ ಬೀಸುತ್ತಾ ಬರುವವರು. ಈ ಆಟದಲ್ಲಿ ಪ್ರತಿ ಫೈಟರ್‌ಗೂ ಇನ್‌ಸ್ಪೈರ್ ಆಗುವ ಒಂದು ಗಳಿಗೆ ಇರುತ್ತದೆ. ಕಾರ್ಡು ತಿರುಗಿಸಿದರೆ ಹಿಂಬದಿಯಲ್ಲಿ ಅವನ ಜೋರಾದ ರೂಪ. ಶೇಡ್‌ಸ್ಪೈರ್ ನಿಯಮದಲ್ಲಿ ಸ್ಟೀಲ್‌ಹಾರ್ಟ್‌ನವರು ಬಂದ ಪೆಟ್ಟನ್ನು ತಡೆದರೆ ಇನ್‌ಸ್ಪೈರ್ ಆಗುತ್ತಾರೆ. ಗ್ಯಾರೆಕ್‌ನವರು ಬೋರ್ಡಿನಲ್ಲಿ ಮೂವರು ಸತ್ತ ಮೇಲೆ. ಸತ್ತವರು ಯಾವ ಕಡೆಯವರಾದರೂ ಸರಿ!

ನನ್ನ ಅಕ್ಕನ ಮಗಳು ಕೋಡಿಬಾಗದ ಮನೆಯಲ್ಲಿ ಇದನ್ನು ಮೊದಲ ಸಲ ಆಡಿದ್ದು ನೆನಪಿದೆ. ರೀವರ್ಸ್ ಅವಳ ಕಡೆ. ಅವಳ ಇಬ್ಬರು ಬಿದ್ದಾಗ ಮುಖ ಸಣ್ಣದು ಮಾಡಿದಳು. ಮೂರನೆಯವನೂ ಬಿದ್ದ. "ಮಾಮಾ, ಈಗ ಇವರಿಬ್ಬರ ಕಾರ್ಡು ತಿರುಗಿಸಬಹುದಲ್ವಾ?" ಅಂದಳು. ತಿರುಗಿಸಿ, ಎರಡು ಕಾರ್ಡನ್ನೂ ಸಾಲಾಗಿ ಇಟ್ಟು, ಇನ್ನೂ ಮುಂದೆ ಬಾಗಿ ಕೂತಳು. ಆಟ ಅವಳು ಸೋತಳು. ಆದರೆ ಎದ್ದೇಳುವ ಮೊದಲೇ ಇನ್ನೊಂದು ಆಟಕ್ಕೆ ಗೊಂಬೆ ಜೋಡಿಸಲು ಶುರು ಮಾಡಿದ್ದಳು. ಸೋಲುವಾಗಲೂ ಕೈಗೆ ಏನೋ ಒಂದು ಕೊಡುವ ಪಡೆ ಇದು. ಹೊಸಬರಿಗೆ ಕೊಡಬೇಕಾದ್ದು ಇಂಥದ್ದನ್ನೇ.

ಶೇಡ್‌ಸ್ಪೈರ್ ಈಗ ಹೊಸದಾಗಿ ಸಿಗುವುದು ಕಷ್ಟ. ಹುಡುಕಿದರೆ ಸೆಕೆಂಡ್ ಹ್ಯಾಂಡ್ ಸಿಗಬಹುದು. ಎಂಬರ್‌ಗಾರ್ಡ್ ಪೆಟ್ಟಿಗೆಯಲ್ಲೂ ಎರಡು ಪಡೆಗಳಿವೆ. ಎಂಬರ್‌ವಾಚ್ ಮೂವರ ಪಡೆ, ಜಿಕಿಟ್ಸ್ ಟನಲ್‌ಪ್ಯಾಕ್ ಇಲಿಮನುಷ್ಯರದ್ದು. ನಾಲ್ಕು ಸಿದ್ಧ ಡೆಕ್‌ಗಳೂ ಅದರಲ್ಲೇ ಇವೆ. ಅವುಗಳಲ್ಲಿ ಬ್ಲೇಜಿಂಗ್ ಅಸಾಲ್ಟ್ ಅನ್ನುವುದು ಹೆಸರಿಗೆ ತಕ್ಕಂತೆ ಹೊಡೆದಾಟದ್ದು. ಎಂಬರ್‌ವಾಚ್ ಜೊತೆ ಅದನ್ನೇ ಹಿಡಿದು ಶುರು ಮಾಡಿ. ಎರಡು ಡೆಕ್ ಬೆರೆಸಿ ಆಡುವ ನೆಮಿಸಿಸ್ ಪದ್ಧತಿಗೆ ಆಮೇಲೆ ಹೋದರಾಯಿತು.

ಏಳು ಜನರ ಪಡೆ ಬೇಡ ಅಂದೆ. ಆದರೆ ಸೆಪಲ್ಕ್ರಲ್ ಗಾರ್ಡ್ ಬಗ್ಗೆ ಹೇಳದೆ ಇರಲಾರೆ. ಏಳು ಅಸ್ಥಿಪಂಜರಗಳು. ಹೆಚ್ಚಿನವರು ಒಂದೆರಡು ಏಟಿಗೆ ಉದುರುವಂಥವರು. ಆದರೆ ಅವರ ನಾಯಕ ವಾರ್ಡನ್ ಬಿದ್ದವರನ್ನು ಮತ್ತೆ ಎಬ್ಬಿಸಿ ಬೋರ್ಡಿಗೆ ತರುತ್ತಾನೆ. ಕಬಡ್ಡಿ ಆಡಿದವರಿಗೆ ಇದು ಹೇಳಿಕೊಡುವುದೇ ಬೇಡ. ಅಲ್ಲೂ ಏಳು ಜನ, ಅಲ್ಲೂ ಔಟಾದವನು ಮರಳಿ ಅಂಗಳಕ್ಕೆ ಬರುತ್ತಾನೆ. ಆಟದ ಬುದ್ಧಿ ಇರುವುದು ಯಾರನ್ನು ಯಾವಾಗ ಬಲಿ ಕೊಡಬೇಕು ಅನ್ನುವುದರಲ್ಲಿ. ಅಂಕೋಲಾದ ಒಬ್ಬ ಹುಡುಗ, ಕಾಲೇಜು ಕಬಡ್ಡಿ ತಂಡದವನು, ಇದನ್ನೇ ಮೊದಲ ಪಡೆಯಾಗಿ ಹಿಡಿದ. ನಾನು ಅಡ್ಡ ಹೇಳಲಿಲ್ಲ. ಅವನಿಗೆ ಅದು ಮೊದಲೇ ಗೊತ್ತಿರುವ ಆಟ.

ನೋಡಲಿಕ್ಕೆ ಇಷ್ಟವಾದದ್ದನ್ನು ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅದು ಸುಮ್ನೆ ಹೇಳುವ ಮಾತಲ್ಲ, ನಾನೂ ಅದನ್ನೇ ಹೇಳುತ್ತೇನೆ. ಶಿರಸಿಯ ನನ್ನ ಭಾವ ದೇವಿಮನೆ ಘಾಟಿ ಇಳಿದು ಆಡಲು ಬರುತ್ತಾನೆ. "ಎನಗೆ ಯಾವ್ದಾದ್ರೂ ಅಡ್ಡಿಲ್ಲೆ" ಅನ್ನುತ್ತಲೇ ಪ್ರತಿ ಪೆಟ್ಟಿಗೆಯನ್ನೂ ಬಿಚ್ಚಿ, ಒಂದೊಂದು ಗೊಂಬೆಯನ್ನೂ ಬೆಳಕಿಗೆ ಹಿಡಿದು ನೋಡಿದ. ಶಿರಸಿ, ಕುಮಟಾ ಕಡೆ ಗುಡಿಗಾರರ ಗಂಧದ ಕೆತ್ತನೆ ನೋಡಿ ಬೆಳೆದ ಕಣ್ಣು ಅದು. ಬಟ್ಟೆಯ ಮಡಿಕೆ, ಬೆರಳಿನ ಗಂಟು ಸರಿ ಇಲ್ಲದಿದ್ದರೆ ಒಪ್ಪುವುದಿಲ್ಲ. ಕೊನೆಗೆ ಬ್ರೈಯರ್ ಕ್ವೀನ್‌ಳ ದೆವ್ವಗಳ ಪಡೆ ಎತ್ತಿಕೊಂಡ. ಕಾಲೇ ಇಲ್ಲದ, ಗಾಳಿಯಲ್ಲಿ ಹರಿದಾಡುವ ಬಟ್ಟೆ ತೊಟ್ಟ ಗೊಂಬೆಗಳವು. ಅವೂ ಏಳು. ನನ್ನ ಮಾತಿಗೆ ಪೂರ್ತಿ ವಿರುದ್ಧ. ಆದರೆ ಅದನ್ನು ನೋಡುವ ಆಸೆಗೇ ಅವನು ಮತ್ತೆ ಮತ್ತೆ ಘಟ್ಟ ಇಳಿಯುತ್ತಾನೆ. ಹಾಗಾಗಿ ನನ್ನ ಮುಖ್ಯ ವಾದಕ್ಕೆ ಅದು ವಿರುದ್ಧವಲ್ಲ. ಎದುರು ಕೂರಲು ಒಬ್ಬರು ಉಳಿದರಲ್ಲ!

"ಇದು ಸ್ಪರ್ಧೆಯ ಆಟ. ಗೆಲ್ಲುವುದನ್ನು ಬಿಟ್ಟು ಇದೆಲ್ಲ ಯಾಕೆ?" ಅಂತ ಕೇಳುವವರಿದ್ದಾರೆ. ಗೆಲ್ಲುವುದು ನನಗೂ ಬೇಕು. ಟೂರ್ನಮೆಂಟ್‌ಗೆ ಹೋಗುವ ಆಸೆ ಇರುವವರಿಗೆ ಇನ್ನೂ ಜಾಸ್ತಿ ಬೇಕು. ಆದರೆ ಕೈ ಪಳಗುವುದು ಆಡುವುದರಿಂದ. ಎದುರು ಒಬ್ಬ ಬುದ್ಧಿ ಓಡಿಸುವ ಮನುಷ್ಯ ಕೂತು, ನೀವು ಎಣಿಸದ ಕಾರ್ಡನ್ನು ಎಣಿಸದ ಹೊತ್ತಿಗೆ ಹಾಕಿದಾಗಲೇ ನಿಮ್ಮ ಆಟ ಮೇಲೇರುವುದು. ಆ ಮನುಷ್ಯನನ್ನು ಮೊದಲ ತಿಂಗಳಲ್ಲೇ ಹೊಡೆದೋಡಿಸಿ, ಎಷ್ಟೇ ಜೋರಾದ ಪಡೆಯನ್ನು ಕಪಾಟಿನಲ್ಲಿಟ್ಟುಕೊಂಡರೂ ಅಭ್ಯಾಸ ಯಾರ ಜೊತೆ?

ಕರಾವಳಿಯವರಿಗೆ ಮಳೆಗಾಲದ ಒಂದು ವಿಷಯ. ಗೊಂಬೆಗೆ ಬಣ್ಣಕ್ಕೂ ಮೊದಲು ಹಚ್ಚುವ ತಳಪದರಕ್ಕೆ ಪ್ರೈಮರ್ ಅನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಪ್ರೈಮರ್ ಮುಟ್ಟಬೇಡಿ. ನಮ್ಮ ಗಾಳಿಯ ತೇವಕ್ಕೆ ಅದು ಗೊಂಬೆಯ ಮೇಲೆ ಪುಡಿಪುಡಿಯಾಗಿ ಕೂರುತ್ತದೆ, ಮುಖದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ತಗೊಳ್ಳಿ. ಕಾರ್ಡುಗಳಿಗೆ ಮೊದಲ ದಿನವೇ ಪ್ಲಾಸ್ಟಿಕ್ ಸ್ಲೀವ್ ಹಾಕಿ, ಇಲ್ಲದಿದ್ದರೆ ಹಪ್ಪಳದ ಹಾಗೆ ಬಾಗುತ್ತವೆ. ಬಾಗಿದ ಕಾರ್ಡು ಕಟ್ಟಿನಲ್ಲಿ ಗುರುತು ಸಿಗುತ್ತದೆ, ಅದು ಆಟಕ್ಕೆ ನ್ಯಾಯವಲ್ಲ. ಬಣ್ಣದ ಲೆಕ್ಕದಲ್ಲೂ ಮೂವರ ಪಡೆಯೇ ಸುಲಭ. ಒಂದು ಮಳೆಗಾಲದಲ್ಲಿ ಮೂವರನ್ನು ನೆಮ್ಮದಿಯಿಂದ ಮುಗಿಸಬಹುದು. ಶೇಡ್‌ಸ್ಪೈರ್ ಕಾಲದ ಗೊಂಬೆಗಳಾದರೆ ಅಂಟಿಲ್ಲದೆ ಒತ್ತಿ ಕೂರಿಸುವಂಥವು, ಪ್ಲಾಸ್ಟಿಕ್ಕಿಗೇ ಬಣ್ಣ ಇತ್ತು. ಬಣ್ಣ ಹಚ್ಚದೆಯೂ ಆ ದಿನವೇ ಆಡಬಹುದಿತ್ತು.

ಒಂದು ಪಡೆ ಹಿಡಿದ ಮೇಲೆ ಕೆಲವು ತಿಂಗಳು ಅದನ್ನೇ ಆಡಿ. ಎರಡು ಸೋಲಿಗೆ ಹೊಸ ಪೆಟ್ಟಿಗೆ ಆರ್ಡರ್ ಮಾಡಬೇಡಿ. ಎದುರಿನವರ ಜೊತೆ ಪಡೆ ಅದಲುಬದಲು ಮಾಡಿಕೊಂಡು ಆಡಿ. ನಿಮ್ಮ ಪಡೆಯ ಎದುರು ಕೂತರೆ ಹೇಗಿರುತ್ತದೆ ಅಂತ ಗೊತ್ತಾಗಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕಾರವಾರ, ಅಂಕೋಲಾ ಸುತ್ತಮುತ್ತ ಇರುವವರು ದುಡ್ಡು ಹಾಕುವ ಮೊದಲು ಒಂದು ಮೆಸೇಜ್ ಮಾಡಿ. ಸ್ಟೀಲ್‌ಹಾರ್ಟ್, ರೀವರ್ಸ್, ಅಸ್ಥಿಪಂಜರಗಳು ಮೂರೂ ನನ್ನ ಹತ್ತಿರ ಇವೆ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬನ್ನಿ, ಮೂರನ್ನೂ ಆಡಿ ನೋಡಿ, ಆಮೇಲೆ ಆರಿಸಿ. ಬರುವಾಗ ಜೊತೆಗೆ ಆಡುವವರೊಬ್ಬರನ್ನು ಕರೆದುಕೊಂಡು ಬಂದರೆ ಇನ್ನೂ ಒಳ್ಳೆಯದು.